ಹಳೆಯ ಆಟದ ಹೊಸ ಅವತಾರ

ರಜೆಯ ದಿನಗಳು ಸಮೀಪಿಸಿದವೆಂದರೆ ಬಾಲಾನಗರದ ನಮ್ಮ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಮಕ್ಕಳಿಗೆ ಯಾವ ವೀಡಿಯೋ ಗೇಮು ಕೊಡಿಸುವುದು? ಅದರಲ್ಲಿಯೂ, ತಾವು ಚಿಕ್ಕಂದಿನಲ್ಲಿ ಆಡಿದ ಕಾರು ಪಂದ್ಯವೇ ಹೊಸ ರೂಪದಲ್ಲಿ ಬಂದಿದೆಯೆಂದು ಕೇಳಿದರೆ ಅಪ್ಪಂದಿರ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಹಣ ತೆರುವ ಮೊದಲು ವಿಮರ್ಶಕರ ಮಾತನ್ನು ನೋಡುವುದು ಒಳ್ಳೆಯದೇ. ಆದರೆ ವಿಮರ್ಶೆಯನ್ನು ಓದುವುದಕ್ಕೂ ಒಂದು ಕ್ರಮವುಂಟು. ಒಂದು ನಿದರ್ಶನದಿಂದ ಇದನ್ನು ವಿಶದಪಡಿಸುತ್ತೇವೆ.

ಇಂಗ್ಲೆಂಡಿನ ಕೋಡ್‌ಮಾಸ್ಟರ್ಸ್ ಸಂಸ್ಥೆಯವರು ೧೯೯೧ರಲ್ಲಿ 'ಮೈಕ್ರೋ ಮೆಷಿನ್ಸ್' ಎಂಬ ಆಟವನ್ನು ಹೊರತಂದರು. ಅದರಲ್ಲಿ ಬೆರಳುದ್ದದ ಆಟಿಕೆ ಕಾರುಗಳು ತಿಂಡಿಯ ಮೇಜಿನ ಮೇಲೆ, ಬಿಲಿಯರ್ಡ್ಸ್ ಮೇಜಿನ ಮೇಲೆ ಓಡುತ್ತಿದ್ದವು. ಸ್ನಾನದ ತೊಟ್ಟಿಯಲ್ಲಿ ದೋಣಿಗಳ ಪಂದ್ಯ ನಡೆಯುತ್ತಿತ್ತು. ಆಡುವವರೆಲ್ಲರಿಗೂ ಪರದೆ ಒಂದೇ. ಹಿಂದೆ ಬಿದ್ದು ಪರದೆಯಿಂದ ಮರೆಯಾದವನು ಆ ಸುತ್ತನ್ನು ಸೋತಂತೆ. ಮರುಕ್ಷಣವೇ ಎಲ್ಲರೂ ಮತ್ತೆ ಸಾಲಾಗಿ ನಿಲ್ಲುವುದರಿಂದ ಸೋತವನಿಗೆ ಮುಖ ಊದಿಸಿಕೊಳ್ಳಲೂ ಸಮಯವಿರುತ್ತಿರಲಿಲ್ಲ! ೧೯೯೪ರಲ್ಲಿ ಎರಡನೆಯ ಭಾಗ ಬಂತು. ಸೇಗಾ ಯಂತ್ರದಲ್ಲಿ ಕಂಟ್ರೋಲರ್ ಸಿಕ್ಕಿಸಲು ಎರಡೇ ಕಿಂಡಿಗಳಿದ್ದುವು; ಆದುದರಿಂದ ಕಾರ್ಟ್ರಿಜ್ಜಿನ ಮೈಗೇ ಇನ್ನೆರಡು ಕಿಂಡಿಗಳನ್ನು ಕೊರೆದು ನಾಲ್ವರು ಕೂಡಿ ಆಡುವಂತೆ ಮಾಡಿದರು. ಉತ್ತರಭಾಗವೆಂದರೆ ಹೀಗಿರಬೇಕು. ಮೂಲದ ಸೊಗಸು ಎಲ್ಲಿದೆಯೆಂದು ಅರಿತು ಅದನ್ನೇ ಬೆಳೆಸಿದ್ದು ಅದರ ಹಿರಿಮೆ.

೨೦೧೭ರಲ್ಲಿ ಇದೇ ವಂಶದ 'ಮೈಕ್ರೋ ಮೆಷಿನ್ಸ್ ವರ್ಲ್ಡ್ ಸೀರೀಸ್' ಹೊರಬಂತು. ೨೦೧೦ರಿಂದ ಈ ಸಂಸ್ಥೆಯಲ್ಲಿ ಭಾರತದ ರಿಲಯನ್ಸ್ ಬಳಗಕ್ಕೆ ದೊಡ್ಡ ಪಾಲಿತ್ತೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಅರಿಯರು. ವಿಮರ್ಶಕರ ಅಭಿಪ್ರಾಯ ಮಾತ್ರ ಇಬ್ಬಗೆಯಾಯಿತು. ನಾಲ್ವರು ಗೆಳೆಯರು ಒಂದೇ ಸೋಫಾದ ಮೇಲೆ ಕುಳಿತರೆ ಹಳೆಯ ಖುಷಿ ಇನ್ನೂ ಇದೆಯೆಂದು ಮೆಚ್ಚಿದರು. ಆದರೆ ಒಬ್ಬನೇ ಕುಳಿತು ಹಂತಹಂತವಾಗಿ ಗೆಲ್ಲುವ ಪಂದ್ಯಮಾಲೆ ಇಲ್ಲ; ಆಟದ ಭಾರವೆಲ್ಲ ಆನ್‌ಲೈನ್ ಕಾದಾಟದ ಮೇಲೆ ಬಿದ್ದಿದೆ; ಅಲ್ಲಿ ನೋಡಿದರೆ ಜನರೇ ಸಾಲದೆ ಖಾಲಿ ಸ್ಥಾನಗಳನ್ನು ಕಂಪ್ಯೂಟರೇ ತುಂಬುತ್ತಿದೆ ಎಂದು ಆಕ್ಷೇಪಿಸಿದರು.

ಈ ಆಕ್ಷೇಪಗಳೆಲ್ಲ ಒಂದೇ ತೂಕದವಲ್ಲ. "ಹಳೆಯದರಂತಿಲ್ಲ" ಎಂಬ ದೂರಿನಲ್ಲಿ ಅರ್ಧಭಾಗ ವಿಮರ್ಶಕನ ಬಾಲ್ಯದ ನೆನಪಿರುತ್ತದೆ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ಜೋತುಬೀಳಬೇಕಾಗಿಲ್ಲ. ಆದರೆ "ಜನ ಬಾರದಿದ್ದರೆ ಆಟವೇ ಇಲ್ಲ" ಎಂಬುದು ನೆನಪಿನ ಮಾತಲ್ಲ, ಲೆಕ್ಕದ ಮಾತು. ದೂರದ ಅಪರಿಚಿತರನ್ನು ನಂಬಿದ ಆಟ ಅವರು ಎದ್ದುಹೋದ ದಿನ ಬರಿದಾಗುತ್ತದೆ. ಮನೆಯವರನ್ನು ನಂಬಿದ ಆಟವೋ, ಮೂವತ್ತು ವರ್ಷಗಳ ಮೇಲೆ ಅಟ್ಟದಿಂದ ಇಳಿಸಿದರೂ, ಯಂತ್ರ ಕೆಟ್ಟಿರದಿದ್ದರೆ, ಆಡಲು ಬರುತ್ತದೆ.

ನಮಗಂತೂ ಇದರಲ್ಲಿ ಇನ್ನೊಂದು ಹಿತವೂ ಅಡಗಿದೆ. ಇಲ್ಲಿಯ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಹಿಂದಿ. ಕನ್ನಡಕ್ಕೆ ಉಳಿದಿರುವುದು ಮನೆಯ ನಾಲ್ಕು ಗೋಡೆಗಳೇ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರೊಡನೆಯೋ ಆಡುವ ಹುಡುಗ ಆ ಗೋಡೆಗಳೊಳಗೇ ಇದ್ದೂ ಹೊರಗಿರುತ್ತಾನೆ. ಅಣ್ಣ, ತಂಗಿ, ಸೋದರಮಾವ ಒಂದೇ ಪರದೆಯ ಮುಂದೆ ಕುಳಿತರೆ ಜಗಳ ಕನ್ನಡದಲ್ಲಿ, ನಗು ಕನ್ನಡದಲ್ಲಿ. "ಅಯ್ಯೋ, ತಳ್ಳಬೇಡವೋ!" ಎಂಬ ಕೂಗನ್ನು ಯಾವ ಪಾಠಪುಸ್ತಕವೂ ಕಲಿಸದು.

ಆದಕಾರಣ ವಿಮರ್ಶೆಯನ್ನು ಓದುವಾಗ ಅಂಕಗಳನ್ನಷ್ಟೇ ನೋಡದೆ ಮೂರು ಸಂಗತಿಗಳನ್ನು ಹುಡುಕಿರೆಂದು ತಂದೆತಾಯಿಗಳಲ್ಲಿ ನಮ್ಮ ಬಿನ್ನಹ: ಒಂದೇ ಕೋಣೆಯಲ್ಲಿ ಎಷ್ಟು ಜನ ಆಡಬಹುದು? ಇಂಟರ್‌ನೆಟ್ ಇಲ್ಲದಾಗ ಎಷ್ಟು ಭಾಗ ಉಳಿಯುತ್ತದೆ? ಜೊತೆಗಾರರಿಲ್ಲದ ದಿನ ಮಗು ಒಂಟಿಯಾಗಿ ಏನು ಆಡಬಲ್ಲದು?

ಇದು ಬರಿಯ ಕಾಲಹರಣದ ಮಾತೆಂದು ಮೂಗು ಮುರಿಯುವವರೂ ಇಲ್ಲದಿಲ್ಲ. ಬೆಂಗಳೂರಿನಲ್ಲಿ ೧೯೯೭ರಲ್ಲಿ ರಾಜೇಶ್ ರಾವ್ ಅವರು ಆರಂಭಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ 'ಫೋರ್ಜಾ'ದಂಥ ವಿಶ್ವಪ್ರಸಿದ್ಧ ಕಾರು ಪಂದ್ಯದ ಆಟಗಳಿಗೆ ಚಿತ್ರಕೆಲಸ ಮಾಡಿತು. ೨೦೧೯ರಲ್ಲಿ ಹೆಸರಾಂತ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ಆಟವನ್ನು ಚೆನ್ನಾಗಿ ನೋಡಬಲ್ಲವನೇ ನಾಳೆ ಆಟವನ್ನು ಕಟ್ಟಬಲ್ಲನು.

ಈ ರಜೆಯಲ್ಲಿ ಮಕ್ಕಳು ತಾವು ಆಡಿದ ಒಂದು ಆಟದ ಗುಣದೋಷಗಳನ್ನು ಹತ್ತು ಸಾಲುಗಳಲ್ಲಿ, ಕನ್ನಡದಲ್ಲಿ ಬರೆದು ಕಳುಹಿಸಲಿ. ಅಕ್ಷರ ತಪ್ಪಿದರೂ ಚಿಂತೆಯಿಲ್ಲ. ಅಭಿಪ್ರಾಯ ಅವರದೇ ಆಗಿದ್ದರೆ ಸಾಕು. ಮುಂದಿನ ಸಂಚಿಕೆಯಲ್ಲಿ ಈ ಅಂಕಣದ ಜಾಗವನ್ನು ಸಂತೋಷದಿಂದ ಅವರಿಗೆ ಬಿಟ್ಟುಕೊಡುತ್ತೇವೆ.