ನೆಲವೇ ಡೊಂಕಾಗಿದ್ದರೆ?

 

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂಬ ಗಾದೆ ನಮಗೆಲ್ಲ ಗೊತ್ತು. ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವವರಿಗೆ ಹೇಳುವ ಮಾತು ಇದು. ರಸ್ತೆ ಅಪಘಾತ ಆದಾಗಲೂ ಜನ ಹೀಗೇ ಮಾತಾಡುತ್ತಾರೆ. "ಜೋರು ಹೊಡೆದ, ಬಿದ್ದ." "ಕುಡಿದಿದ್ದನೇನೋ." "ಹಣೆಬರಹ, ಯಾರೇನ್ ಮಾಡಾಕಾಗ್ತೈತಿ." ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ ತಪ್ಪು ಯಾರದು? ರಸ್ತೆಯನ್ನು ಸರಿಯಾಗಿ ಮಾಡದ ಕಾರಣ ಅಪಘಾತವಾದರೆ, ಮಾಡಿಸಿದ ಸರಕಾರ ಮತ್ತು ಮಾಡಿದ ಗುತ್ತಿಗೆದಾರ ಇಬ್ಬರೂ ಹೊಣೆ ಹೊರಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ರಸ್ತೆಗಳ ಮೇಲೆ ಏನೇನು ಓಡಾಡುತ್ತದೆ ನೋಡಿ. ಸಂಡೂರಿನ ಅದಿರು ಲಾರಿ, ಕಂಪ್ಲಿಯ ಕಬ್ಬಿನ ಟ್ರ್ಯಾಕ್ಟರ್, ಹಂಪಿಗೆ ಬರುವ ಪ್ರವಾಸಿಗರ ಬಸ್ಸು, ನಡುವೆ ಎತ್ತಿನ ಬಂಡಿ, ಕುರಿ ಹಿಂಡು, ಸೈಕಲ್ ಮೇಲೆ ನಾವು. ರಸ್ತೆ ಮಾಡುವವರು ಇವೆಲ್ಲವನ್ನೂ ಲೆಕ್ಕ ಹಿಡಿಯಬೇಕು. ಲಾರಿಗಳಿಗೆ ಮಿತಿ ಮೀರಿ ಅದಿರು ಹೇರುತ್ತಿದ್ದ ವಿಷಯ 2011ರ ಲೋಕಾಯುಕ್ತ ವರದಿಯಲ್ಲೇ ಇದೆ. ಆ ಭಾರಕ್ಕೆ ರಸ್ತೆ ಕಿತ್ತುಹೋಯಿತು ಎಂದು ನಮ್ಮ ಮನೆಯ ಹಿರಿಯರು ಈಗಲೂ ಹೇಳುತ್ತಾರೆ. ಗುಂಡಿಗೆ ಬಿದ್ದವನು ಮಾತ್ರ "ನೋಡ್ಕೊಂಡು ಹೋಗಬೇಕಿತ್ತು" ಅನ್ನಿಸಿಕೊಂಡ!

ಎಲ್ಲದಕ್ಕೂ ಡ್ರೈವರ್ ಕಾರಣ ಅನ್ನುವವರು ತಳವಾರಘಟ್ಟವನ್ನು ನೆನೆಯಬೇಕು. ಅಲ್ಲಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಅದರ ಮೇಲೆ ಇನ್ನೂ ಒಂದು ಬಸ್ಸೂ ಓಡಿರಲಿಲ್ಲ. ಅಲ್ಲಿ ಯಾವ ಡ್ರೈವರನ್ನು ಬೈಯುವುದು?

ದೊಡ್ಡ ಸೇತುವೆ ಹಾಗಿರಲಿ, ಚಿಕ್ಕ ಹಂಪಿನ ವಿಷಯಕ್ಕೆ ಬರುತ್ತೇನೆ. ನಮ್ಮ ಸೋದರಮಾವ ಹೋದ ವರ್ಷ ಕಬ್ಬು ಕಡಿಸಿ ರಾತ್ರಿ ಬೈಕಿನಲ್ಲಿ ಬರುವಾಗ ಹಂಪ್ ಕಾಣದೆ ಹಾರಿ ಬಿದ್ದರು. ಬಿಳಿ ಬಣ್ಣ ಇಲ್ಲ, ಬೋರ್ಡ್ ಇಲ್ಲ, ಲೈಟ್ ಇಲ್ಲ. ಕಾಲಿಗೆ ರಾಡ್ ಹಾಕಿಸಲು ಜೋಡೆತ್ತು ಮಾರಿದರು. ಬೇರೆ ಗಾಡಿ ಗುದ್ದಿದ್ದರೆ ಅದರ ಮಾಲೀಕನನ್ನು, ವಿಮಾ ಕಂಪನಿಯನ್ನು ಪರಿಹಾರ ಕೇಳಬಹುದಿತ್ತು. ಇಲ್ಲಿ ಗುದ್ದಿದ್ದು ರಸ್ತೆ. ಯಾರನ್ನು ಕೇಳಬೇಕು?

ಹಂಪ್ ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕ ಹಾಕಿ ಹೇಳಿದೆ. ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್, ಮೇಲೆ ಬಣ್ಣದ ಪಟ್ಟೆ, 40 ಮೀಟರ್ ಮುಂಚೆಯೇ ಎಚ್ಚರಿಕೆ ಬೋರ್ಡ್. 25 ಕಿ.ಮೀ. ವೇಗದಲ್ಲಿ ಹೋದರೆ ಮೆತ್ತಗೆ ದಾಟಬೇಕು. ನಮ್ಮೂರ ಹಂಪ್ ಹೆಚ್ಚುಕಡಿಮೆ ಒಂದು ಗೇಣು ಎತ್ತರ ಐತಿ, ಅಗಲ ಎರಡು ಹೆಜ್ಜೆಯೂ ಇಲ್ಲ. ಅದು ಹಂಪಲ್ಲ, ಗೋಡೆ!

ಇದಕ್ಕೆ ಕಾನೂನು ಇಲ್ಲವೇ? ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು 198ಎ ಎಂಬ ಕಲಮು ಸೇರಿಸಿದರು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಗೊತ್ತುಪಡಿಸಿದ ಮಟ್ಟ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಅಧಿಕಾರದಲ್ಲಿದ್ದವರಿಗೆ, ಗುತ್ತಿಗೆದಾರನಿಗೆ, ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಅದೇ ವರ್ಷ ನಮ್ಮ ರಾಜ್ಯದ ಹೈಕೋರ್ಟು ಬೆಂಗಳೂರಿನ ಗುಂಡಿಗಳ ಕೇಸಿನಲ್ಲಿ, ಒಳ್ಳೆಯ ಸ್ಥಿತಿಯಲ್ಲಿರುವ ರಸ್ತೆ ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿಗೆ ಸೇರಿದ್ದು, ಗುಂಡಿಯಿಂದ ಪೆಟ್ಟಾದವರು ಪರಿಹಾರ ಕೇಳಬಹುದು ಎಂದು ಹೇಳಿತು. ಬೆಂಗಳೂರಿನವರ ಕಾಲು ಮಾತ್ರ ಕಾಲೇ? ನಮ್ಮ ಮಾವನ ಕಾಲೂ ಕಾಲೇ.

ಆದರೂ ನನಗೆ ಎರಡು ಕೊರತೆ ಕಾಣುತ್ತದೆ. ಒಂದು, ಆ ದಂಡ ಹೋಗುವುದು ಸರಕಾರದ ಅಪಘಾತ ನಿಧಿಗೆ, ನೇರವಾಗಿ ಬಿದ್ದವನ ಮನೆಗೆ ಅಲ್ಲ. ಎರಡು, ರಸ್ತೆ ಯಾರದು ಎಂಬುದೇ ಬಡವನಿಗೆ ತಿಳಿಯುವುದಿಲ್ಲ. ಪಂಚಾಯತಿಯವರು ಲೋಕೋಪಯೋಗಿ ಅಂತಾರೆ, ಅವರು ಹೆದ್ದಾರಿಯವರು ಅಂತಾರೆ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಂಪ್ಲಿಯಿಂದ ಹೊಸಪೇಟೆಗೆ ಹೋಗುವವನು ಎರಡು ಜಿಲ್ಲೆ ದಾಟುತ್ತಾನೆ, ಆದರೆ ಬಿದ್ದರೆ ಒಂದರಲ್ಲೂ ಉತ್ತರ ಸಿಗುವುದಿಲ್ಲ. ಆದ್ದರಿಂದ ಪ್ರತಿ ರಸ್ತೆಯ ಬಾಯಲ್ಲೂ "ಈ ರಸ್ತೆ ಇಂಥ ಇಲಾಖೆಯದು" ಎಂದು ಬೋರ್ಡ್ ಹಾಕಬೇಕು.

"ಕುಡಿದು ಓಡಿಸಿ ಬಿದ್ದವನಿಗೂ ಸರಕಾರ ಕೊಡಬೇಕಾ?" ಎಂದು ಕೆಲವರು ಕೇಳಬಹುದು. ಅವನ ತಪ್ಪಿಗೆ ಅವನೇ ಹೊಣೆ, ಅದರಲ್ಲಿ ಎರಡು ಮಾತಿಲ್ಲ. ಹೆಲ್ಮೆಟ್ ಹಾಕದಿರುವುದೂ ತಪ್ಪೇ. ಆದರೆ ಒಂದೇ ಜಾಗದಲ್ಲಿ ಕುಡಿದವನೂ ಬಿದ್ದು, ಕುಡಿಯದವನೂ ಬಿದ್ದು, ಹಾಲಿನ ಕ್ಯಾನಿನವನೂ ಬಿದ್ದರೆ ಆ ಜಾಗವನ್ನೇ ಪರೀಕ್ಷೆ ಮಾಡಬೇಕಲ್ಲವೇ? "ಪರಿಹಾರದ ದುಡ್ಡು ನಮ್ಮ ತೆರಿಗೆಯದೇ ತಾನೆ?" ಎಂದರೆ ಅದೂ ನಿಜ. ಅದಕ್ಕೇ ಕೆಟ್ಟ ಕೆಲಸ ಮಾಡಿದ ಗುತ್ತಿಗೆದಾರನಿಂದ ವಸೂಲಿ ಮಾಡಲಿ. ಒಂದು ಡಬ್ಬಿ ಬಿಳಿ ಬಣ್ಣಕ್ಕೆ ಎಷ್ಟಾಗುತ್ತದೆ? ಒಂದು ಕಾಲಿಗೆ ಎಷ್ಟಾಗುತ್ತದೆ?

ಈಗ ನಾವು ಮಾಡಬಹುದಾದ ಕೆಲಸ. ಕೇಸು ನಡೆದಾಗ, ರಸ್ತೆ ಅಪಾಯವಾಗಿದೆ ಎಂಬುದು ಇಲಾಖೆಗೆ ಗೊತ್ತಿತ್ತೇ ಎಂದು ಕೋರ್ಟು ನೋಡಬೇಕೆಂದು 198ಎ ಕಲಮಿನಲ್ಲೇ ಇದೆ. "ನಮಗೆ ಗೊತ್ತೇ ಇರಲಿಲ್ಲ" ಎನ್ನಲು ನಾವು ಬಿಡಬಾರದು. ಗಣಿತದ ಸರ್ ಟೇಪು ಕೊಟ್ಟರೆ ಈ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಊರಿನ ಹಂಪುಗಳನ್ನೂ ತಿರುವುಗಳನ್ನೂ ಅಳೆಯೋಣ. ಅಳೆಯುವಾಗ ಇಬ್ಬರು ಎರಡೂ ಕಡೆ ನಿಂತು ಗಾಡಿ ನೋಡಿಕೊಳ್ಳಲಿ. ಅಳತೆ, ದಿನಾಂಕ ಬರೆದು, ಹಿರಿಯರ ಸಹಿ ಮಾಡಿಸಿ, ಪಂಚಾಯತಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳೋಣ. ಅದರ ಒಂದು ಪ್ರತಿ ಈ ಗೋಡೆಯ ಮೇಲೆ ಇರಲಿ. ನಾಳೆ ಯಾರಾದರೂ ಅಲ್ಲಿ ಬಿದ್ದರೆ ಆ ಸೀಲೇ ಅವರ ಪರವಾಗಿ ಮಾತಾಡುತ್ತದೆ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ