ಕಲಿಸದ ಅಕ್ಷರವನ್ನು ಓದು ಎನ್ನಬೇಡಿ

2023ರ ಜೂನ್‌ನಲ್ಲಿ ವಿಜಯವಾಡದ ಮಗ್ಗುಲಿನ ತಾಡೇಪಲ್ಲಿಯಲ್ಲಿ ಆಗಿನ ಆಂಧ್ರ ಸರ್ಕಾರ ಅಮೆರಿಕದ ಪರೀಕ್ಷಾ ಸಂಸ್ಥೆ ಇಟಿಎಸ್‌ನೊಂದಿಗೆ ಒಪ್ಪಂದ ಮಾಡಿಕೊಂಡಿತು. ಸರ್ಕಾರಿ ಶಾಲೆಯ ಮಕ್ಕಳನ್ನು ಮೂರನೇ ತರಗತಿಯಿಂದಲೇ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಅಣಿಗೊಳಿಸುವುದು ಅದರ ಉದ್ದೇಶ. ಅದೇ ವರ್ಷದ ಜನವರಿಯಲ್ಲಿ ಹೊರಬಿದ್ದಿದ್ದ 2022ರ ‘ಅಸರ್’ ಕಲಿಕಾ ಸಮೀಕ್ಷೆಯ ವರದಿ ಬೇರೆಯದೇ ಕತೆ ಹೇಳುತ್ತಿತ್ತು. ಆಂಧ್ರದ ಹಳ್ಳಿಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 10.3 ಮಾತ್ರ. ಕೋವಿಡ್ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ, 2018ರಲ್ಲೂ ಆ ಪ್ರಮಾಣ ಶೇ 22.6 ದಾಟಿರಲಿಲ್ಲ. ತೆಲುಗಿನ ನಾಲ್ಕು ಸಾಲು ಓದಲಾಗದ ಕೂಸಿಗೆ ಟೋಫೆಲ್! ಇದು ಮಹತ್ವಾಕಾಂಕ್ಷೆಯಲ್ಲ, ಹೊಣೆಗೇಡಿತನ.

ತಪ್ಪು ಮಕ್ಕಳದಲ್ಲ. ಕಲಿಸಿದ ಅಕ್ಷರಗಳಿಂದಲೇ ಕಟ್ಟಿದ ಪಾಠವನ್ನು ಮೊದಲು ಕೈಗಿಡಬೇಕು ಎಂಬ ಸರಳ ನಿಯಮವನ್ನು ನಮ್ಮ ಪಠ್ಯ ಸಮಿತಿಗಳು ಲಘುವಾಗಿ ಕಂಡಿವೆ. ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನ ಆಸುಪಾಸಿನ ಮಗುವಿಗೆ ಬಲೆಯ ಚಿತ್ರ ತೋರಿಸಿ, ಕೆಳಗೆ ತೆಲುಗಿನಲ್ಲಿ ‘ವಲ’ ಎಂದು ಬರೆದಿಡಿ. ಅಕ್ಷರ ಗೊತ್ತಿಲ್ಲದ ಮಗು ಚಿತ್ರ ನೋಡಿ ‘ಚೇಪ’ (ಮೀನು) ಎನ್ನುತ್ತದೆ, ಬಲೆಯಲ್ಲಿ ಮೀನು ಕಾಣುತ್ತದಲ್ಲ! ಅದು ಓದಲ್ಲ, ಊಹೆ. ತ, ಲ, ಪ, ವ, ಕ ಇಷ್ಟನ್ನು ಕಲಿಸಿದ ಮೇಲೆ ತಲ (ತಲೆ), ವಲ, ಪಲಕ (ಸ್ಲೇಟು) ಎಂದು ಬರೆಯಿರಿ. ಚಿತ್ರ ಮುಚ್ಚಿದರೂ ಮಗು ಓದುತ್ತದೆ.

ಕನ್ನಡಿಗರಿಗೆ ಇದು ಹೊಸತಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯ ಮಕ್ಕಳು ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. ಐದೇ ಅಕ್ಷರಕ್ಕೆ ಅರಸ, ಅಗಸ, ಗರಗಸ ಎಲ್ಲ ಒಲಿಯುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿಕಲಿಗೆ ಪ್ರೇರಣೆ ಆಂಧ್ರದ್ದೇ ಆದ, ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆ. ಮನೆಯಲ್ಲೇ ಇದ್ದ ಬುತ್ತಿಯನ್ನು ಮರೆತು ತಾಡೇಪಲ್ಲಿ ಅಮೆರಿಕದ ಕಡೆ ನೋಡಿತು.

ಇಂಥ ಪಾಠಗಳು ಸಪ್ಪೆ, ಸಾಹಿತ್ಯದ ಸವಿ ಇರುವುದಿಲ್ಲ ಎಂಬ ಆಕ್ಷೇಪವಿದೆ. ಸ್ವಲ್ಪ ನಿಜ. ಐದಕ್ಷರದಲ್ಲಿ ಪದ ಸಿಗುತ್ತದೆ, ಕತೆ ಸುಲಭಕ್ಕೆ ಸಿಗದು. ಅದಕ್ಕೇ ಈ ಕೆಲಸಕ್ಕೆ ಗುಮಾಸ್ತಿಕೆಯ ಸಮಿತಿ ಸಾಲದು, ಒಳ್ಳೆಯ ಮಕ್ಕಳ ಲೇಖಕರು ಬೇಕು. ಸವಿಯ ಕತೆಯನ್ನು ಮೇಷ್ಟ್ರು ಗಟ್ಟಿಯಾಗಿ ಓದಿ ಹೇಳಲಿ, ದಿನವೂ ಹೇಳಲಿ. ಮಗು ತಾನೇ ಓದುವ ಪುಟ ಮಾತ್ರ ಕಲಿತ ಅಕ್ಷರದ ಗಡಿ ದಾಟಬಾರದು.

ಈ ಶಿಸ್ತು ಒಂದು ವರ್ಷಕ್ಕೆ ಮುಗಿಯುವುದೂ ಅಲ್ಲ. ಕನ್ನಡ, ತೆಲುಗುಗಳಲ್ಲಿ ಬರೆದಂತೆ ಓದುವ ಅನುಕೂಲವಿದೆ ನಿಜ, ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಶಾಲೆಗಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ಅಕ್ಷರಗಳು ಪೂರ್ತಿ ಕೈವಶವಾಗಲು ಆರಂಭದ ತರಗತಿಗಳು ಸಾಲವು ಎಂದೇ ತೋರಿಸಿತು. ಎರಡನೇ ತರಗತಿಗೇ ‘ರಾಷ್ಟ್ರ’, ‘ಸ್ವಾತಂತ್ರ್ಯ’ ತುರುಕುವ ಆತುರ ಯಾರದು?

ಆ ಸರ್ಕಾರ ಹೋಗಿದೆ. ಈಗಿನವರು ಮಾಡಬೇಕಾದ್ದು ಇಷ್ಟು: ಪ್ರತಿ ಅಕ್ಷರಗುಂಪಿಗೂ ಪುಟ್ಟ ಓದುಪುಸ್ತಕಗಳನ್ನು ಬರೆಸಿ, ಅಚ್ಚಿಗೆ ಮುನ್ನ ವಿಶಾಖಪಟ್ಟಣ, ವಿಜಯವಾಡಗಳ ಒಂದನೇ ತರಗತಿಯಲ್ಲಿ ಚಿತ್ರ ಮುಚ್ಚಿ ಓದಿಸಿ ನೋಡಬೇಕು. ಬೆಂಗಳೂರಿನವರೂ ಅದನ್ನೇ ಮಾಡಲಿ. ಮಗು ತಡವರಿಸಿದ ಪುಟವನ್ನು ಸಮಿತಿ ತಿದ್ದಲಿ, ಮಗುವನ್ನಲ್ಲ.