ಹಾರ ಬದಲಾಯಿಸಿಕೊಂಡರಷ್ಟೇ ರಾಜಿಯೇ?

ರಾಷ್ಟ್ರೀಯ ಲೋಕ ಅದಾಲತ್ ನಡೆದ ಮರುದಿನ ಯಾವುದೇ ಪತ್ರಿಕೆಯ ಜಿಲ್ಲಾ ಪುಟ ತೆಗೆದು ನೋಡಿ. ವಿಚ್ಛೇದನಕ್ಕೆ ಬಂದಿದ್ದ ಇಷ್ಟು ಜೋಡಿ ಮತ್ತೆ ಒಂದಾದವು ಎಂಬ ತಲೆಬರಹ. ಅದರ ಕೆಳಗೆ ನ್ಯಾಯಾಧೀಶರ ಎದುರು ಗಂಡ ಹೆಂಡತಿ ಹಾರ ಬದಲಾಯಿಸಿಕೊಳ್ಳುವ ಫೋಟೊ. ಡೆಸ್ಕಿನವರು ಕೇಳುವುದೂ ಅದನ್ನೇ.

ಮನಸಾರೆ ಒಂದಾದವರು ಚೆನ್ನಾಗಿರಲಿ, ಅವರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಆ ಫೋಟೊ ಊರಿಗೆ ಕಲಿಸುವ ಪಾಠದ ಬಗ್ಗೆ. ಮಧ್ಯಸ್ಥಿಕೆ ಎಂದರೆ ಹೆಣ್ಣುಮಗಳಿಗೆ ಬುದ್ಧಿ ಹೇಳಿ ಗಂಡನ ಮನೆಗೆ ವಾಪಸ್ ಕಳಿಸುವುದು ಎಂದೇ ಜನ ತಿಳಿದಿದ್ದಾರೆ. ಹಾಗಾಗಿ ಇನ್ನು ಕೂಡಿ ಬಾಳಲು ಆಗುವುದೇ ಇಲ್ಲ ಎಂದು ತೀರ್ಮಾನಿಸಿದವಳು ಮಧ್ಯಸ್ಥಿಕೆ ಕೇಂದ್ರದ ಬಾಗಿಲಿಗೇ ಹೋಗುವುದಿಲ್ಲ. ಆ ಬಾಗಿಲು ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಅವಳಿಗೇ.

ಕಾನೂನು ಏನು ಹೇಳುತ್ತದೆ ನೋಡಿ. ಒಂದುಗೂಡಿಸಲು ಪ್ರಯತ್ನಿಸಿ ಎಂದು ಹಿಂದೂ ವಿವಾಹ ಕಾಯ್ದೆ ಹೇಳುವುದು ನಿಜ. ಆದರೆ 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೇ ಕಲಂ ಕೇಳುವುದು ಇತ್ಯರ್ಥವನ್ನು. ಇತ್ಯರ್ಥ ಎಂದರೆ ಕೂಡಿ ಬಾಳುವುದೂ ಆಗಬಹುದು, ಮರ್ಯಾದೆಯಿಂದ ಬೇರೆಯಾಗುವುದೂ ಆಗಬಹುದು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆಂದೇ 13ಬಿ ಕಲಂ ಇದೆ. ಒಂದು ವರ್ಷ ಬೇರೆ ಬದುಕಿರಬೇಕು, ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಆಮೇಲೆ ಆರು ತಿಂಗಳು ಕಾಯಬೇಕು. ಎಲ್ಲ ಇತ್ಯರ್ಥವಾಗಿದ್ದು, ಒಂದಾಗುವ ಆಸೆಯೇ ಉಳಿದಿಲ್ಲದಿದ್ದರೆ ಆ ಆರು ತಿಂಗಳನ್ನೂ ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಣ, ಮಕ್ಕಳು, ಒಡವೆ, ಒಬ್ಬರ ಮೇಲೊಬ್ಬರು ಹಾಕಿಕೊಂಡ ಕೇಸು ಇವೆಲ್ಲವನ್ನೂ ಕೂತು ಬಗೆಹರಿಸಿಕೊಳ್ಳುವ ಜಾಗವೇ ಮಧ್ಯಸ್ಥಿಕೆ.

ಇದು ಗೊತ್ತಿಲ್ಲದವರಿಗೆ ಉಳಿಯುವುದು ಎರಡೇ ದಾರಿ.

ಒಂದು ಕೋರ್ಟು. ಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿ ಹೋಗಬೇಕು, ಆ ದಿನದ ಕೂಲಿ ಬಿಡಬೇಕು, ಸಂಜೆಗೆ ಇನ್ನೊಂದು ತಾರೀಖು ಹಿಡಿದುಕೊಂಡು ಬರಬೇಕು. ಕ್ರೌರ್ಯ ನಡೆದಿದೆ ಎಂದು ಸಾಬೀತು ಮಾಡಲು ಮಲಗುವ ಕೋಣೆಯ ಮಾತನ್ನೂ ಪಾಟಿ ಸವಾಲಿನಲ್ಲಿ ಬಿಚ್ಚಿಡಬೇಕು. ಕೇಸು ಮುಗಿಯುವಷ್ಟರಲ್ಲಿ ಮಗು ಹೈಸ್ಕೂಲು ಸೇರಿರುತ್ತದೆ.

ಇನ್ನೊಂದು ಕಟ್ಟೆ ಪಂಚಾಯ್ತಿ. ಹಿರಿಯರು ಸೇರುತ್ತಾರೆ, ಒಂದಿಷ್ಟು ದುಡ್ಡು ಕೊಡಿಸುತ್ತಾರೆ, ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸುತ್ತಾರೆ. ಉತ್ತರ ಕರ್ನಾಟಕದ ಕಡೆ ಅದಕ್ಕೆ ಸೋಡಚೀಟಿ ಎನ್ನುತ್ತಾರೆ. ಸಮುದಾಯದಲ್ಲಿ ಅಂಥ ರೂಢಿ ಇದೆ ಎಂದು ಸಾಬೀತು ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಇಲ್ಲದಿದ್ದರೆ ಕಾನೂನಿನ ಲೆಕ್ಕದಲ್ಲಿ ಮದುವೆ ಹಾಗೇ ಇರುತ್ತದೆ. ಮುಂದೆ ಇನ್ನೊಂದು ಮದುವೆಯಾದಾಗ ಪೆಟ್ಟು ಬೀಳುವುದು ಹೆಣ್ಣಿಗೆ ಮತ್ತು ಆಕೆಯ ಮಕ್ಕಳಿಗೆ.

ಕಟ್ಟೆಯಲ್ಲೂ ಮಾತುಕತೆಯೇ ಅಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಅಲ್ಲ. ಕಟ್ಟೆಯಲ್ಲಿ ಊರೆಲ್ಲ ಕೂತಿರುತ್ತದೆ, ತೀರ್ಪು ಹೇಳುವವರೂ ಇರುತ್ತಾರೆ. ಮಧ್ಯಸ್ಥಿಕೆದಾರರಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಇಬ್ಬರನ್ನೂ ಜೊತೆಗೆ ಕೂರಿಸಿ ಮಾತಾಡುತ್ತಾರೆ, ಬೇಕಾದರೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯಬೇಕು, ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು, ಕೇಸು ಇದ್ದಲ್ಲಿಂದ ಮುಂದುವರಿಯುತ್ತದೆ.

ಹಾಗೆಂದು ಮಧ್ಯಸ್ಥಿಕೆ ಕೋಣೆಗೆ ಕೈಬೀಸಿಕೊಂಡು ಹೋಗಬೇಡಿ. ಗಂಡನ ಜಮೀನಿನ ಪಹಣಿ, ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್ ಇವುಗಳ ಲೆಕ್ಕ ಮೇಜಿನ ಮೇಲೆ ಬರದೆ ಜೀವನಾಂಶದ ಮಾತು ಶುರುವಾಗಬಾರದು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಅದೇ ಲೆಕ್ಕವನ್ನು ಇಲ್ಲೂ ಕೇಳಿ. ತಾಯಿ ತನ್ನ ಪಾಲನ್ನು ಬಿಟ್ಟುಕೊಡಬಹುದು, ಮಗುವಿನ ಪಾಲನ್ನು ಬಿಟ್ಟುಕೊಡುವ ಹಕ್ಕು ಆಕೆಗೂ ಇಲ್ಲ. ಹೊಡೆತ ತಿಂದು ಬಂದವಳನ್ನಂತೂ ಹೊಡೆದವನ ಎದುರು ಕೂರಿಸುವ ಅವಸರ ಯಾರಿಗೂ ಬೇಡ. ಮೊದಲು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ ಸಿಗಲಿ, ಮಾತುಕತೆ ಆಮೇಲೆ, ಅದೂ ಆಕೆ ಒಪ್ಪಿದರೆ.

ಖರ್ಚಿನ ಚಿಂತೆಯೇ? ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ವಕೀಲರ ನೆರವು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. 15100 ಸಂಖ್ಯೆಗೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಕೇಸು ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಟ್ಟು ಮಾತುಕತೆ ಕೇಳಬಹುದು.

ನಾವು ಕೇಳುವುದು ಮೂರೇ ಮಾತು. ಕಾನೂನು ಅರಿವು ಶಿಬಿರಗಳಲ್ಲಿ ಭಾಷಣ ಮಾಡುವವರು, ಬೇರೆಯಾಗಲೂ ಮಧ್ಯಸ್ಥಿಕೆ ನೆರವಾಗುತ್ತದೆ ಎಂದು ಬಾಯಿಬಿಟ್ಟು ಹೇಳಲಿ. ತರಬೇತಿ ಪಡೆದ ಮಧ್ಯಸ್ಥಿಕೆದಾರರು ವಾರಕ್ಕೊಂದು ದಿನವಾದರೂ ಪ್ರತಿ ತಾಲ್ಲೂಕು ಕೋರ್ಟಿನಲ್ಲಿ ಕೂರಲಿ. ಇನ್ನು ಅದಾಲತ್‌ನ ಪತ್ರಿಕಾ ಟಿಪ್ಪಣಿ. ಅದರಲ್ಲಿ ಒಂದಾದ ಜೋಡಿಗಳ ಲೆಕ್ಕದ ಪಕ್ಕದಲ್ಲೇ ಜೀವನಾಂಶ, ಮಕ್ಕಳ ಭೇಟಿ ಎಲ್ಲ ಬರೆದುಕೊಂಡು ಜಗಳವಿಲ್ಲದೆ ಬೇರೆಯಾದ ಜೋಡಿಗಳ ಲೆಕ್ಕವೂ ಬರಲಿ. ಅವರಿಗೆ ಹಾರ ಬೇಡ, ಫೋಟೊ ಬೇಡ. ಒಪ್ಪಂದದಲ್ಲಿ ಬರೆದ ದುಡ್ಡು ಬರೆದ ತಾರೀಖಿಗೆ ಆಕೆಯ ಖಾತೆಗೆ ಬಿದ್ದರೆ ಸಾಕು.